ಮೂರನೆಯ ಕುದುರೆ

ಮನೆಯ ಮಹಡಿ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಡ ಭುಜದ ನೋವು ಕಡಿಮೆಯಾಯಿತೇ? ಚಿಕ್ಕಪ್ಪನ ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡುತ್ತೀಯಂತೆ. ನೆಲ ತಣ್ಣಗಿರುತ್ತದೆ, ಒಂದು ಗೋಣಿಚೀಲವನ್ನಾದರೂ ಹಾಸಿಕೋ. ಚಿಕ್ಕಮ್ಮ ಅಮ್ಮನಿಗೆ ಫೋನಿನಲ್ಲಿ, "ಊಟ ಚೆನ್ನಾಗೇ ಮಾಡ್ತಾನೆ ಅಕ್ಕ, ಎರಡನೇ ಸಲ ಕೇಳಿ ಹಾಕಿಸ್ಕೋತಾನೆ, ಮಾತು ಮಾತ್ರ ಇಲ್ಲ" ಎಂದರು. ನೀನು ತೂಕದ ಭಯದಲ್ಲಿ ಅರ್ಧ ತಟ್ಟೆಗೇ ಏಳುತ್ತಿದ್ದಾಗ ಅಮ್ಮ ಎಷ್ಟು ಗೋಳಾಡುತ್ತಿದ್ದಳು, ನೆನಪಿದೆಯಲ್ಲ. ಈ ಸುದ್ದಿ ಕೇಳಿ ಅವಳಿಗೆ ಖುಷಿಯಾಗಬೇಕಿತ್ತು. ಅವಳು ಫೋನಿಟ್ಟು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಹೊಟ್ಟೆ ತುಂಬ ಉಣ್ಣುವ ಸವಾರ ಮತ್ತೆ ಕುದುರೆ ಹತ್ತುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಏನು ಮಾತಾಡುತ್ತಿದ್ದೆನೋ, ಇಬ್ಬರೂ ಉಸಿರು ಕೇಳಿಸಿಕೊಂಡು ಇಡುತ್ತಿದ್ದೆವು. ಅದಕ್ಕೇ ಕಾಗದ. ಅಜ್ಜಿ ಚೆನ್ನಾಗಿದ್ದಾಳೆ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾಳೆ: "ಕುದುರೆಯಿಂದ ಇಳಿದಿದ್ದಕ್ಕೆ ಇಷ್ಟು ರಂಪ ಮಾಡಿದ್ರಲ್ಲ, ಬಿದ್ದಿದ್ರೆ ಗಲ್ಲಿಗೆ ಹಾಕ್ತಿದ್ರಾ?"

ನೀನು ಮೊದಲು ಹುಡುಕುವುದು ನಿನ್ನ ಕುದುರೆ ಗೊಣಗಮ್ಮನ ಸುದ್ದಿಯನ್ನು ಎಂದು ಗೊತ್ತು. ಪೋಸ್ಟರಿನಲ್ಲಿ ಅವಳಿಗೆ ಏನೇ ರಾಜಮನೆತನದ ಹೆಸರಿರಲಿ, ಲಾಯದಲ್ಲಿ ಈಗಲೂ ಬೆಳಗಾದರೆ ಗೊಣಗುತ್ತಲೇ ಏಳುತ್ತಾಳಂತೆ. ಮೊನ್ನೆ ಹೋಗಿ ನೋಡಿ ಬಂದೆ. ನಾನು ಒಯ್ದ ಕ್ಯಾರೆಟ್ ತಿಂದು, ಋಣ ತೀರಿಸುವವಳಂತೆ ನನ್ನ ಚೀಲದ ಹಿಡಿಯನ್ನೂ ಅಗಿದಳು. ಕಾಲು ಸರಿಯಾಗಿದೆ. ಪಶುವೈದ್ಯರು ಇನ್ನೊಮ್ಮೆ ಬಂದು ನೋಡಿದರು, ಊತವಿಲ್ಲ, ಬಿಸಿಯಿಲ್ಲ, ಓಡಿಸಿದರೂ ಕುಂಟುವುದಿಲ್ಲ. ಈ ಒಳ್ಳೆಯ ಸುದ್ದಿ ನಿನ್ನ ಕಿವಿಗೆ ಒಳ್ಳೆಯದಾಗಿ ಬೀಳುವುದಿಲ್ಲವೆಂದೂ ಗೊತ್ತು. ಹೊರಡುವ ದಿನ ಚೀಲದ ಜಿಪ್ ಎಳೆಯುತ್ತಾ ನೀನು ಹೇಳಿದ್ದು ಹಾಗೆಯೇ ನೆನಪಿದೆ: "ಕಪ್ ಹೋಯ್ತು ಅಂತಲ್ಲ ಕಣೇ. ಅವಳ ಕಾಲಿಗೆ ಏನೂ ಆಗಿಲ್ಲ ಅಂದ್ರೆ ಜೀನಿನ ಮೇಲೆ ನಾನು ಕೂತ ಜಾಗ ನನಗೇ ಸುಳ್ಳು ಹೇಳ್ತು. ಇನ್ನು ಯಾವ ನಂಬಿಕೆ ಮೇಲೆ ಹತ್ತಲಿ?"

ಬೀದಿಯಲ್ಲಿ ಜಗಳ ಇನ್ನೂ ತಣ್ಣಗಾಗಿಲ್ಲ. ಗೆದ್ದ ಸವಾರ ತೂಕದ ಕೋಣೆಯ ಅಂಗಳ ತಲುಪುವವರೆಗೆ ನೆಲ ಮುಟ್ಟಬಾರದು, ಕುದುರೆಗೆ ಪೆಟ್ಟಾಗಿದ್ದರೆ ಮಾತ್ರ ಇಳಿಯಬಹುದು, ಪೆಟ್ಟಾಗಿದೆ ಎಂದು ವೈದ್ಯರು ಹೇಳಬೇಕು. ಜನ್ಮದಲ್ಲಿ ಕುದುರೆಯ ಬಾಲ ಮುಟ್ಟದ ತರಕಾರಿಯವನಿಗೂ ಈಗ ಈ ನಿಯಮ ಬಾಯಿಪಾಠ. ಬೇಕರಿಯವರು ನಿನ್ನ ಪಕ್ಷ. ಕ್ಷೌರದಂಗಡಿಯವರು ನಿರ್ಣಾಯಕರ ಪಕ್ಷ: "ಕನಿಕರ ಇರ್ಲಿ ಸ್ವಾಮಿ, ಬೇಡ ಅಂದೋರ್ಯಾರು? ಕೈ ಎತ್ತಿ ಡಾಕ್ಟರನ್ನ ಕರೀಬೇಕಿತ್ತು. ಆಮೇಲೆ ಇಳೀಬೇಕಿತ್ತು." ಕಳೆದ ವಾರ ಈ ಮಾತಿನ ಭರದಲ್ಲಿ ಅವರು ಕತ್ತರಿ ಹಿಡಿದುಕೊಂಡೇ ಬೇಕರಿಗೆ ನುಗ್ಗಿದರಂತೆ. ಅರ್ಧ ಮೀಸೆ ಕಳೆದುಕೊಂಡ ಗಿರಾಕಿ ಕನ್ನಡಿಯ ಮುಂದೆ ಕಾದು ಕಾದು, ಕೊನೆಗೆ ಕರ್ಚೀಫು ಮುಚ್ಚಿಕೊಂಡು ಮನೆಗೆ ಹೋದನಂತೆ. ಇಷ್ಟು ಓದುವಾಗಲಾದರೂ ನೀನು ನಕ್ಕಿರಬೇಕು.

ಅಣ್ಣಾ, ಆ ದಿನದ ಓಟವನ್ನು ನೀನು ಜೀನಿನ ಮೇಲಿಂದ ನೋಡಿದವನು. ನಾನು ನೋಡಿದ್ದು ಅಪ್ಪನ ಪಕ್ಕದಿಂದ, ವೀಕ್ಷಕವಿವರಣೆಯ ಗೂಡಿನೊಳಗಿಂದ. ಅದನ್ನು ನೀನು ಕೇಳಲೇ ಇಲ್ಲ, ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅಪ್ಪನಿಗೆ ಹಿಂದೆ ನೆರವಾಗುತ್ತಿದ್ದವರಿಗೆ ಕಣ್ಣಿನ ಪೊರೆ ಬಂದ ಮೇಲೆ ನಾನು ಆ ಜಾಗದಲ್ಲಿ ಕೂತೆನಲ್ಲ. ಸಂದರ್ಶನಗಳಲ್ಲಿ ಹೆಸರು ಹೇಳಲೂ ತೊದಲುವ ನನಗೆ ಹೇಳಿ ಮಾಡಿಸಿದ ಕೆಲಸ ಅದು. ದುರ್ಬೀನಿನಲ್ಲಿ ನೋಡಿ, ಯಾವ ಕುದುರೆ ಎಷ್ಟನೆಯದೋ, ಅಪ್ಪನ ಮುಂದಿನ ಪಟ್ಟಿಯಲ್ಲಿ ಆ ನಂಬರಿನ ಮೇಲೆ ಬೆರಳಿಟ್ಟರೆ ಆಯಿತು, ಉಳಿದ ಮಾತೆಲ್ಲ ಅಪ್ಪನದು. ಅವರ ಶಿಸ್ತು ನಿನಗೆ ಗೊತ್ತು. "ಮೈಕು ಹಾಕಿದ ಮೇಲೆ ನನಗೆ ಮಕ್ಕಳಿಲ್ಲ" ಎನ್ನುವವರು. ನೀನು ಸವಾರನಾದ ಮೊದಲ ದಿನದಿಂದ ಅವರ ಬಾಯಲ್ಲಿ ನಿನಗೊಂದು ನಂಬರಷ್ಟೇ.

ಆ ದಿನ ನೀನು ನಾಲ್ಕು. ಕೊನೆಯ ತಿರುವಿನಲ್ಲಿ ಗೊಣಗಮ್ಮ ಹೊರಗಿನಿಂದ ಬಂದಾಗಲೂ ಅಪ್ಪನ ದನಿ ನಡುಗಲಿಲ್ಲ. ಗೆಲುವಿನ ಕಂಬ ದಾಟಿದಳು. "ಮೊದಲು ನಾಲ್ಕು, ಎರಡನೆಯದು ಒಂಬತ್ತು" ಎಂದರು. ಮೂರನೆಯದರ ಮೇಲೆ ನನ್ನ ಬೆರಳಿತ್ತು. ಏಳು. ಒತ್ತಿದೆ, ತಟ್ಟಿದೆ. ಅಪ್ಪ ನೋಡಲಿಲ್ಲ. ಕುರ್ಚಿಯಿಂದ ಎದ್ದು ನಿಂತಿದ್ದರು. ಓಟದ ಹೊತ್ತಿನಲ್ಲಿ ಅವರು ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಷ್ಟು ದೊಡ್ಡ ಮೈದಾನದ ಧ್ವನಿವರ್ಧಕಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಅಪ್ಪ ಮೂರನೆಯ ಕುದುರೆಯನ್ನು ಹೇಳಲೇ ಇಲ್ಲ. ಮಾರನೆಯ ದಿನ ಪತ್ರಿಕೆ ಅದಕ್ಕೂ ಒಂದು ಪೆಟ್ಟಿಗೆ ಸುದ್ದಿ ಕೊಟ್ಟಿತು, ಮಗ ಗೆದ್ದ ಸಂಭ್ರಮದಲ್ಲಿ ತಂದೆ ಮೂರನೆಯವನನ್ನು ನುಂಗಿದರು ಎಂದು. ಆ ಕುದುರೆಯ ಮಾಲೀಕರು ದೂರು ಕೊಟ್ಟರು, ಅಪ್ಪ ಕ್ಷಮೆ ಕೇಳಿದರು. ಸಂತೋಷವೇ ಇರಬೇಕು ಎಂದು ನಾನೂ ನಂಬಿದೆ. ಕೊನೆಗೂ ಒಂದು ದಿನ ಮೈಕಿನ ಮುಂದೆ ಅವರಿಗೊಬ್ಬ ಮಗ ಹುಟ್ಟಿದನಲ್ಲ ಎಂದುಕೊಂಡೆ.

ಅಷ್ಟರಲ್ಲಿ ನೀನು ಕಂಬದಾಚೆ ಇಳಿದು, ಅವಳ ಕಡಿವಾಣ ಹಿಡಿದು ನಡೆಸಿಕೊಂಡು ಬರುತ್ತಿದ್ದೆ. ಚಪ್ಪಾಳೆ ಹೊಡೆಯುತ್ತಿದ್ದವರ ಕೈಗಳು ನಿಂತದ್ದು ಮೇಲಿನಿಂದ ಕಾಣುತ್ತಿತ್ತು. ವೈದ್ಯರು ಅವಳನ್ನು ಓಡಿಸಿ ನೋಡಿದರು, ನೆಟ್ಟಗೆ ಓಡಿದಳು. ಕ್ಯಾಮೆರಾಗಳೆಲ್ಲ ಗೆಲುವಿನ ಗೆರೆಯ ಮೇಲೇ ಇದ್ದುದರಿಂದ ಅದರಾಚೆ ನಡೆದದ್ದಕ್ಕೆ ನಿನ್ನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ನಿರ್ಣಾಯಕರ ಚೀಟಿ ಗೂಡಿಗೆ ಬಂದಾಗ ಮೈಕಿನ ಹುಡುಗ ಅದನ್ನು ಅಪ್ಪನಿಗೆ ಕೊಡಲಾರದೆ, "ಸಾರ್, ಇದೊಂದು ನಾನು ಓದ್ತೀನಿ ಬಿಡಿ" ಎಂದ. ಅಪ್ಪ, "ಬೇಡಪ್ಪ. ಬೇರೆಯವರ ಬಾಯಲ್ಲಿ ಅದು ಹೇಗೆ ಕೇಳ್ಸುತ್ತೋ ಏನೋ" ಎಂದು ತಾವೇ ಓದಿದರು. ನಾಲ್ಕನೆಯ ನಂಬರು ಅನರ್ಹ, ಕಪ್ ಒಂಬತ್ತಕ್ಕೆ. "ಅಪ್ಪನ ದನಿ ಒಂದು ಚೂರೂ ಅಲುಗಲಿಲ್ಲ" ಎಂದು ನೀನು ಅಮ್ಮನ ಹತ್ತಿರ ಹೇಳಿದ್ದೆಯಂತೆ. ನಿಜ, ಅಲುಗಲಿಲ್ಲ. ಆದರೆ ಮೈಕು ಆರಿಸಿದ ಮೇಲೆ ಅವರು ನನ್ನ ಹತ್ತಿರ ನೀರು ಕೇಳಿದರು. ನೀರಿನ ಲೋಟ ಅವರ ಕೈಯಲ್ಲೇ ಇತ್ತು.

ಆಮೇಲೆ ಅಪ್ಪ ಮನೆಯಲ್ಲಿ ಆಟದ ಮಾತು ಬಿಟ್ಟುಬಿಟ್ಟಿದ್ದಾರೆ. ಬೆಳಿಗ್ಗೆ ಸ್ನಾನದ ಮನೆಗೆ ಸಾಲು ನಿಂತಾಗ, "ಅಜ್ಜಿ ಒಂದು ಮೂಗಿನಷ್ಟು ಮುಂದೆ, ಒಳಗಿನಿಂದ ಅಮ್ಮ ನುಗ್ತಿದಾರೆ" ಎಂದು ಓಟ ಹೇಳುತ್ತಿದ್ದರಲ್ಲ, ಅದಿಲ್ಲ. ಈಗ ಎಲ್ಲರೂ ಸುಮ್ಮನೆ ಸ್ನಾನ ಮಾಡುತ್ತೇವೆ. ಅಜ್ಜಿ ಒಂದೆರಡು ಸಲ ಟವೆಲು ಹಿಡಿದು ಬೇಕೆಂದೇ ಅವರ ಮುಂದೆ ಓಡಾಡಿದಳು, ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಗೊಣಗಮ್ಮನ ಒಡತಿ, ನಮ್ಮ ಬೀದಿಯ ಬಟ್ಟೆ ಅಂಗಡಿ ಯಜಮಾನಿ, ಶುಕ್ರವಾರ ಮನೆಗೆ ಬಂದಿದ್ದರು. ಮೇಲ್ಮನವಿಯ ವಿಚಾರಣೆ ಇದೇ ಗುರುವಾರ ಬೆಳಿಗ್ಗೆ. ಸವಾರ ತಾನೇ ಬಂದು ಹೇಳದಿದ್ದರೆ ಮನವಿ ಬಿದ್ದುಹೋಗುತ್ತದಂತೆ. "ಕಪ್ ಹೋದ್ರೆ ಹೋಗ್ಲಿ, ಕಪಾಟಿನಲ್ಲಿ ಜಾಗಾನೂ ಇಲ್ಲ. ಹುಡುಗ ಇಲ್ಲದ್ದನ್ನ ಕಂಡ ಅನ್ನೋ ಮಾತು ಉಳೀಬಾರ್ದು" ಎಂದರು. ನೀನು ಅವರಿಗೆ ಫೋನಿನಲ್ಲಿ "ನನಗೇ ಖಾತ್ರಿ ಇಲ್ಲ, ಬಂದು ಏನು ಹೇಳಲಿ" ಎಂದೆಯಂತೆ. ನಾನು ಬಲವಂತ ಮಾಡುವುದಿಲ್ಲ ಅಣ್ಣಾ. ಖಾತ್ರಿಯಿಲ್ಲದ್ದನ್ನು ನೀನು ಹೇಳುವವನಲ್ಲ, ಹೇಳು ಎನ್ನಲು ನನಗೂ ಬಾಯಿ ಬರುವುದಿಲ್ಲ. ಬರುವುದಾದರೆ ಬುಧವಾರ ರಾತ್ರಿಯೊಳಗೆ ಬಾ. ಬರದಿದ್ದರೂ ನೀನು ನಮ್ಮವನೇ, ಲಾರಿ ರಿಪೇರಿ ಮಾಡಿದರೂ.

ಅಮ್ಮ ನಿನ್ನ ಹಳೆಯ ಸ್ವೆಟರನ್ನು ಬಿಚ್ಚಿ ದೊಡ್ಡದಾಗಿ ಹೆಣೆಯುತ್ತಿದ್ದಾಳೆ, ಯಾಕೆಂದು ನಾನು ಕೇಳಲಿಲ್ಲ. ಅಜ್ಜಿಯ ಆಶೀರ್ವಾದ. ಚಿಕ್ಕಪ್ಪ, ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಭುಜಕ್ಕೆ ಎಣ್ಣೆ ಹಚ್ಚಿಕೋ. ಲಾರಿಯ ಎಣ್ಣೆಯಲ್ಲ.

ನಿನ್ನ ತಂಗಿ,
ಮೌನಿ ಮೇಡಂ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಮಹಡಿಗೆ ಬಂದರು. "ಅವನಿಗಾ?" ಎಂದು ಕೇಳಿ ಮಂಚದ ತುದಿಯಲ್ಲಿ ಕೂತರು. ನೀನು ಹೊರಡುವಾಗ ಆಡಿದ ಮಾತನ್ನು, ಕೂತ ಜಾಗವೇ ಸುಳ್ಳು ಹೇಳಿತು ಎಂದದ್ದನ್ನು, ನಾನು ಮೊದಲ ಸಲ ಅವರಿಗೆ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಕಂಬ ದಾಟಿ ಸ್ವಲ್ಪ ದೂರಕ್ಕೆ ಅವಳ ತಲೆ ಒಂದೇ ಒಂದು ಸಲ ಕುಸೀತು. ಬಲ ಮುಂಗಾಲು. ಅವನು ಇಳಿಯೋಕೆ ಮುಂಚೆ ನಾನು ನೋಡ್ದೆ. ಮೈಕು ಆರಿಸಿ, ಇಳಿಯೋ ಮಗಾ, ಇಳಿಯೋ ಅಂತಿದ್ದೆ. ಡಾಕ್ಟರು ಏನೂ ಇಲ್ಲ ಅಂದಾಗ ನನ್ನ ಕಣ್ಣಿಗೇ ವಯಸ್ಸಾಯ್ತು ಅಂದ್ಕೊಂಡೆ. ಆದ್ರೆ ಇಲ್ಲದ್ದು ಇಬ್ಬರಿಗೂ ಒಂದೇ ಹೊತ್ತಿಗೆ ಹೇಗೆ ಕಾಣ್ಸುತ್ತೆ?" ಬಲಗಾಲು ಎಂದು ನೀನು ನಿರ್ಣಾಯಕರ ಮುಂದೆ ಹೇಳಿದ್ದು ಅವರಿಗೆ ಗೊತ್ತೇ ಇರಲಿಲ್ಲ ಅಣ್ಣಾ. ಅವರ ಬಾಯಿಂದ ಮೂರನೆಯ ಕುದುರೆ ತಪ್ಪಿಹೋದದ್ದು ಅಲ್ಲಿ.

ಗುರುವಾರ ಅಪ್ಪ ಮೇಲ್ಮನವಿಯ ಮಂಡಳಿಯ ಮುಂದೆ ಇದನ್ನು ಹೇಳುತ್ತಾರೆ, ತಾವು ಓಟ ಬಿಟ್ಟು ಏನು ನೋಡುತ್ತಿದ್ದರು ಎಂಬುದನ್ನೂ ಸೇರಿಸಿ. ಆಮೇಲೆ ಆ ಗೂಡು ಅವರಿಗೆ ಉಳಿಯುತ್ತದೋ ಇಲ್ಲವೋ ತಿಳಿಯದು. ಇದನ್ನು ನಿನಗೆ ಬರೆಯಬೇಡ ಎಂದಿದ್ದಾರೆ. "ಅವನು ಬಂದ್ರೆ ಅವನಿಗೋಸ್ಕರ ಬರ್ಲಿ" ಎಂದರು. ಈಗ ಕೆಳಗೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾರೆ, ಯಾವ ಓಟಕ್ಕೂ ಮಾಡದವರು. ಇಲ್ಲಿಗೆ ಕೇಳಿಸುತ್ತಿದೆ. "ನಾನು ಮೂರನೆಯ ಕುದುರೆಯನ್ನು ಹೇಳಲಿಲ್ಲ, ಏಕೆಂದರೆ ನನ್ನ ಮಗ" ಎನ್ನುವವರೆಗೆ ಬರುತ್ತಾರೆ, ನಿಲ್ಲಿಸುತ್ತಾರೆ, ಮೊದಲಿಂದ ಶುರುಮಾಡುತ್ತಾರೆ. ಮುಂದಿನ ಮಾತು ನನ್ನ ಬೆರಳಿನಿಂದ ಸಿಗುವಂಥದ್ದಲ್ಲ. ನೀನು ಪಕ್ಕದಲ್ಲಿರಬೇಕು. ಬಾ.