ಶಿವು ಹಾಕಿದ ತೊಣ್ಣೂರು ಪ್ಲಾನು

ದೇವು,

ನಮಗೆಲ್ಲ ಸ್ಟೀಲ್ ಲೋಟ ಕೊಟ್ಟ ನಮ್ಮವ್ವ ನಿನಗೊಬ್ಬನಿಗೇ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಾಗ ನಾನು ಸುಮ್ಮನೆ ಕೂತಿದ್ದೆ. ಅದು ತಪ್ಪು. ಆಮೇಲೆ ನೀನು ನಮ್ಮ ಮನೆಗೆ ಬರಲಿಲ್ಲ.

ಇವತ್ತು ಟೀ ಅಂಗಡಿಯಲ್ಲಿ ನಮ್ಮ ಬೀದಿಯ ಶಿವು ಸಿಕ್ಕಿದ. "ಭಾನುವಾರ ನಾನೂ ದೇವೂನೂ ರೈಲಲ್ಲಿ ಪಾಂಡವಪುರಕ್ಕೋಯ್ತೀವಿ. ಅಲ್ಲಿಂದ ಆಟೋದಲ್ಲಿ ತೊಣ್ಣೂರು ಕೆರೆ. ನೀರಲ್ಲಿ ಕಾಲು ಬುಟ್ಕಂಡು ಕೂತಿದ್ದು ಸಂಜೆ ವಾಪಸ್. ನಮ್ಮವ್ವ ದೇವೂಗೇಂತ ಕಜ್ಜಾಯ ಮಾಡ್ತಾವ್ಳೆ, ಒಂದೇ ಡಬ್ಬೀಲಿ ತಿಂತೀವಿ. ನೀನೂ ಬಾರ್ಲಾ, ಭಾಷಣಾನ ಮನೇಲಿ ಬುಟ್ಟು ಬಾ" ಅಂದ.

ಸಮಾನತೆಯ ಕರಪತ್ರ ಓದಿದವನು ನಾನು, ಊರೂರಿಗೆ ಹಂಚಿದವನೂ ನಾನು. ಒಂದನ್ನೂ ಓದದ ಅವನೂ ನಮ್ಮ ಜಾತಿಯವನೇ, ಆದರೂ ಅವನ ಡಬ್ಬಿಗೆ ನೀನು ಕೈ ಹಾಕುತ್ತೀಯ. ಹೊಟ್ಟೆ ಉರಿಯುತ್ತಿದೆ ಕಣ್ಲಾ.

ಈ ಕಾಗದ ಕಳಿಸುವುದಿಲ್ಲ. ಕಳಿಸಿದರೆ ಇದೂ ಇನ್ನೊಂದು ಕರಪತ್ರ ಅಂತೀಯ. ನಿನ್ನೆದುರು ನಿಂತು, ಶಿವುಗೂ ಕೇಳುವ ಹಾಗೆ ತಪ್ಪಾಯ್ತು ಅಂತ ಹೇಳುತ್ತೇನೆ. ಭಾನುವಾರ ಬೆಳಗ್ಗೆ ಏಳೂವರೆಗೆ, ನೀವು ರೈಲು ಹತ್ತುವ ಶ್ರೀರಂಗಪಟ್ಟಣ ಸ್ಟೇಷನ್ನಿನಲ್ಲಿ.