ಅಪಾಯ: ನಲವತ್ತಕ್ಕೆ ಎರಡು

ಜನವರಿ 6, ಸೋಮವಾರ

ಮತ್ತೆ ಅದೇ ಕಾಲೇಜು, ಅದೇ ಅರವತ್ತೆರಡು ಫಾರಂ. ಪ್ರಾಜೆಕ್ಟ್ ನಡೆಸೋ ಮೇಡಂ ಬೆಂಗಳೂರಿಂದ ಕಾರಲ್ಲಿ ಬಂದರು, ಬಾಟಲಿ ನೀರು ಕುಡಿದರು, ಒಂದು ಗಂಟೆ ಇದ್ದು ಹೋದರು. "ದೊಡ್ಡಬಳ್ಳಾಪುರದ ಹುಡುಗೀರು ತುಂಬಾ ಇನೋಸೆಂಟ್ ಅಲ್ವಾ?" ಅಂತೆ. ಸೆಕೆಂಡ್ ಪಿಯು ಹುಡುಗೀರು! ಒಬ್ಬೊಬ್ಬಳಿಗೂ ಎರಡೆರಡು ಇನ್‌ಸ್ಟಾ ಅಕೌಂಟ್ — ಒಂದು ಅಪ್ಪನಿಗೆ ತೋರಿಸೋಕೆ.

ಕಾಲೇಜು ಮಕ್ಕಳ ಆನ್‌ಲೈನ್ ಅಪಾಯ ಅಳೆಯೋದು ನಮ್ಮ ಪ್ರಾಜೆಕ್ಟ್. ನಲವತ್ತು ಪ್ರಶ್ನೆ. ಅಪರಿಚಿತರ ಜೊತೆ ಚಾಟ್ ಮಾಡಿದರೆ ಒಂದು ಅಂಕ, ಫೋಟೋ ಹಾಕಿದರೆ ಒಂದು ಅಂಕ. ಮನೆಯವರಿಗೆ ಪಾಸ್‌ವರ್ಡ್ ಗೊತ್ತಿದ್ದರೆ ಅಂಕ ಕಡಿತ. ಅಪಾಯ ಅಂದರೆ ಹೊರಗಿನವನು, ಮನೆಯವರು ಅಂದರೆ ದೇವರು. ಬರೆದವರು ಯಾವ ಮನೇಲಿ ಬೆಳೆದರೋ.

ಜನವರಿ 8, ಬುಧವಾರ

ಫಾರಂಗಳ ಎಂಟ್ರಿ ಮುಗೀತು. ವಿಜಯ್ ಅನ್ನೋ ಹುಡುಗನಿಗೆ ನಲವತ್ತಕ್ಕೆ ಮೂವತ್ತೊಂದು, "ಹೈ ರಿಸ್ಕ್". ಅವನ ಅಪರಾಧ — ಗೇಮಲ್ಲಿ ಪರಿಚಯವಾದ ತಿಪಟೂರಿನ ಯಾವನೋ ಒಬ್ಬನ ಹತ್ತಿರ ಅಕೌಂಟೆನ್ಸಿ ಹೇಳಿಸಿಕೊಳ್ಳೋದು. ಅಕ್ಷತ ಅನ್ನೋ ಹುಡುಗಿಗೆ ಎರಡು. ಇಡೀ ಕಾಲೇಜಿಗೇ ಕಮ್ಮಿ. "ಫ್ಯಾಮಿಲಿ ಸಪರ್ವಿಷನ್ ನೋಡಿ!" ಅಂತ ಮೇಡಂಗೆ ಖುಷಿಯೋ ಖುಷಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ.

ಸಂಜೆ ಬಸ್‌ಸ್ಟಾಂಡಲ್ಲಿ ಅಕ್ಷತಳೇ ಸಿಕ್ಕಳು.

"ಅಕ್ಕಾ, ನಾನ್ ಬರ್ದಿದ್ದೆಲ್ಲ ಸುಳ್ಳು ಕಣಕ್ಕ. ಫೋನ್ ಕೊಡ್ಸಿರೋದು ಮಂಜೇಶ್ ಮಾವ. ನನ್ ವಾಟ್ಸಾಪು, ಇಮೇಲು, ಎಲ್ಲಾ ಅವನ್ ಫೋನಲ್ಲೂ ಕಾಣುತ್ತೆ. ನಿಮ್ ಫಾರಂಗೆ ಮನೆಯವ್ರ ಸೈನ್ ಹಾಕಿದ್ದೂ ಅವನೇ."

ಮಂಜೇಶ್ ಅವಳ ತಾಯಿಯ ತಮ್ಮ. ಮೂವತ್ತಾಗಿದೆ. ಇವಳು ಹುಟ್ಟಿದಾಗಲೇ ಇವನಿಗೆ ಅಂತ ಮಾತಾಗಿದೆಯಂತೆ.

"ಪರೀಕ್ಷೆ ಒಂದ್ ಬರ್ದ್ಬಿಟ್ರೆ ಮೈಸೂರಲ್ಲಿ ಹಾಸ್ಟೆಲ್ ಸೇರ್ಕೊಂಡು ಬಿಕಾಂ ಮಾಡ್ತೀನಿ. ಅಲ್ಲೀವರ್ಗೂ ಅವನಿಗೆ ಗೊತ್ತಾಗ್ಬಾರ್ದು ಅಕ್ಕ."

ಇದಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಮೇಡಂಗೆ ಫೋನ್ ಮಾಡಿದೆ. "ಅದು ಕಲ್ಚರ್. ನಮ್ಮ ಸ್ಕೋಪ್ ಅಲ್ಲ" ಅಂದರು. ಥೂ.

ಜನವರಿ 20, ಸೋಮವಾರ

ಎರಡನೇ ಸುತ್ತು ಫೋನಲ್ಲೇ. ಲಿಂಕ್ ಕಳಿಸಿದರೆ ಮಕ್ಕಳು "ಮನಬಿಚ್ಚಿ" ಬರೀತಾರಂತೆ. ಹೆಸರು ಬೇಡ, ಗುಟ್ಟು ಗುಟ್ಟಾಗೇ ಇರುತ್ತೆ ಅಂತ ನಾನೇ ವಾಯ್ಸ್ ಮೆಸೇಜ್ ಮಾಡಬೇಕಂತೆ. ಮಾಡಿದೆ, ದನಿಗೆ ಬೆಲ್ಲ ಸವರಿಕೊಂಡು. ಅರವತ್ತೆರಡು ನಂಬರಿಗೂ ಒಟ್ಟಿಗೇ ತಳ್ಳಿದೆ.

ಅಕ್ಷತಳ ನಂಬರ್ ತೆಗೀಬೇಕಿತ್ತು. ನೆನಪಾಗಲಿಲ್ಲ ಅಂತ ಬರೆದರೆ ಸುಳ್ಳು. ನೆನಪಾಯಿತು. ಒಂದು ಕಮ್ಮಿಯಾದರೆ ಯಾಕೆ ಅಂತ ಮೇಡಂಗೆ ಒಂದು ಪುಟ ವಿವರಣೆ ಬರೀಬೇಕು... ಜಾಣೆ, ಮತ್ತೆ ಸುಳ್ಳೇ ಬರೀತಾಳೆ ಅಂದುಕೊಂಡೆ.

ಫೆಬ್ರವರಿ 3, ಸೋಮವಾರ

ಸುಳ್ಳು ಬರೆದಿಲ್ಲ. ಅವಳ ಗೆಳತಿ ಹೇಳಿದಳು. ನನ್ನ ದನಿ ನಂಬಿ ಅಕ್ಷತ ಎಲ್ಲ ನಿಜ ಬರೆದಿದ್ದಾಳೆ. ಮೆಸೇಜೂ ಅಳಿಸಿದ್ದಾಳೆ. ಆದರೆ ಫಾರಂ ಕೊನೇಲಿ ಮೇಲ್ ಐಡಿ ಕೇಳಿದೆ. ಕೊಟ್ಟಿದ್ದಾಳೆ. ಉತ್ತರಗಳ ಪ್ರತಿ ನೆಟ್ಟಗೆ ಆ ಮೇಲ್‌ಗೆ ಹೋಗಿದೆ. ಅಂದರೆ ಮಂಜೇಶನ ಫೋನಿಗೆ. ಹೆಸರು ಬೇಡ ಅಂದ ಬುದ್ಧಿವಂತರು ಮೇಲ್ ಯಾಕೆ ಕೇಳಿದರು?

ಒಂದು ವಾರದಿಂದ ಅಕ್ಷತ ಕಾಲೇಜಿಗೆ ಬಂದಿಲ್ಲ. ಪರೀಕ್ಷೆಗೆ ತಿಂಗಳಿಲ್ಲ.

ಫೆಬ್ರವರಿ 4, ಮಂಗಳವಾರ

ಅವಳ ಮನೆಗೆ ಹೋದೆ. ಮಂಜೇಶ್ ಮಗ್ಗ ನಿಲ್ಲಿಸಿ ಬಂದು ಕುರ್ಚಿ ಹಾಕಿದ. ಮರ್ಯಾದಸ್ಥ!

"ಬನ್ನಿ ಮೇಡಂ, ನಿಮ್ಗೆ ಥ್ಯಾಂಕ್ಸ್ ಹೇಳ್ಬೇಕಿತ್ತು. ನಾವ್ ಕೇಳಿದ್ರೆ ಬಾಯೇ ಬಿಡ್ತಿರ್ಲಿಲ್ಲ. ನೀವ್ ಕೇಳಿದ್ದಕ್ಕೆ ಹಾಸ್ಟೆಲ್ಲು ಗೀಸ್ಟೆಲ್ಲು ಎಲ್ಲಾ ಬರ್ದವ್ಳೆ."

ತಾಯಿ ಮುತ್ಯಾಲಮ್ಮ ಕಾಫಿ ತಂದರು. "ಇದೇ ಮಾಘದಲ್ಲಿ ಮೂರ್ ಗಂಟು ಹಾಕ್ಸಿಬಿಡ್ತೀವಿ ಕಣಮ್ಮ. ಪರೀಕ್ಷೆ ಬರ್ದು ಏನಾಗ್ಬೇಕು?"

"ಅವಳಿಗಿನ್ನೂ ಹದಿನೇಳು" ಅಂದೆ.

"ನಮ್ ಹುಡ್ಗ, ನಮ್ ಹುಡ್ಗಿ. ಯಾರ್ ಬಂದ್ ಕೇಳ್ತಾರೆ?"

ಅಕ್ಷತ ಒಳಬಾಗಿಲಲ್ಲಿ ನಿಂತಿದ್ದಳು. ಅಕ್ಕ ಅನ್ನಲಿಲ್ಲ. ಇಷ್ಟು ದಿನ ಮೇಡಂ ಮೇಲೆ ಉಗಿದದ್ದೆಲ್ಲ ನನ್ನ ಮುಖಕ್ಕೇ ಬಿತ್ತು. ಆದರೂ ಕಾಫಿ ಕುಡಿದೆ. ಪೂರ್ತಿ ಕುಡಿದೆ. ನಾಚಿಕೆಗೆಟ್ಟವಳು.

ಫೆಬ್ರವರಿ 5, ಬೆಳಗ್ಗೆ 9

ಮೇಡಂಗೆ ಎಲ್ಲ ಹೇಳಿದೆ. ಅವರ ಉತ್ತರ: "ನಮ್ಮ ಎಥಿಕ್ಸ್ ಕಮಿಟಿಗೆ ಗೊತ್ತಾದರೆ ಪ್ರಾಜೆಕ್ಟ್ ನಿಲ್ಲುತ್ತೆ. ನಿಮ್ಮ ಕೆಲಸಾನೂ ಹೋಗುತ್ತೆ. ಹುಡುಗಿ ಫೋನ್ ಬಳಸೋದು ಬಿಟ್ಟಿದ್ದಾಳೆ ಅಂತ ಹಾಕಿ. ರಿಸ್ಕ್ ಝೀರೋ."

ಇವರಿಗೆ ಡಾಕ್ಟರೇಟ್ ಕೊಟ್ಟವರಿಗೆ ನಮಸ್ಕಾರ.

9.40

1098ಕ್ಕೆ, ಮಕ್ಕಳ ಸಹಾಯವಾಣಿಗೆ, ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿದರು. ಊರು, ಹುಡುಗಿಯ ವಯಸ್ಸು, ಗಂಡಿನ ಹೆಸರು, ಬಡಬಡನೆ ಹೇಳಿದೆ. "ನಿಮಗೆ ಹೇಗೆ ಗೊತ್ತಾಯ್ತಮ್ಮ?" ಅಂದರು. ಸರ್ವೆ, ಫಾರಂ ಅಂತ ತಡವರಿಸಿದೆ. ಲೈನಲ್ಲೇ ಇರಿ, ಅಧಿಕಾರಿಗೆ ಕೊಡ್ತೀನಿ ಅಂದರು. ಕಾಯ್ತಿದ್ದೀನಿ. ತಡವರಿಸಬಾರದು ಅಂತ ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ತಿದ್ದೀನಿ:

ಅವಳು ನನಗೆ ಮೊದಲೇ ಹೇಳಿದ್ದಳು. ಗೊತ್ತಿದ್ದೂ ಲಿಂಕ್ ಕಳಿಸಿದವಳು ನಾನು. ಕಾರಣ —