ಅವ್ವ ಗ್ಲೈಡರ್ ಹತ್ತಿದ ಭಾನುವಾರ

ಮೈಸೂರು
೧೨ ಫೆಬ್ರವರಿ ೧೯೬೪

ಪ್ರೀತಿಯ ಮಾದೇವಕ್ಕನಿಗೆ,

ತಮ್ಮ ಚೆಲುವರಾಜುವಿನ ನಮಸ್ಕಾರ. ಭಾವನವರಿಗೂ ತಿಳಿಸು. ನಿನ್ನ ಕಾಗದ ಸಂಕ್ರಾಂತಿಗೇ ಬಂದಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಅವ್ವ ಎದ್ದು ಹೊರಟಿರುತ್ತಿದ್ದಳು, ನಾನು ಹಿಂದೆಯೇ ಓಡುತ್ತಿದ್ದೆ. ತಡವಾಯಿತು, ಬೈಯಬೇಡ.

ಅವ್ವನನ್ನು ಭದ್ರಾವತಿಗೆ ಕಳಿಸು ಎಂದು ಮತ್ತೆ ಬರೆದಿದ್ದೀಯ. ನಾನೂ ಹೇಳಿ ಸಾಕಾದೆ. "ಓಗಾನ ಬುಡು" ಅನ್ನುತ್ತಾಳೆ. ಬಟ್ಟೆ ಗಂಟು ಕಟ್ಟುತ್ತಾಳೆ, ಬೆಳಗಾದರೆ ಬಿಚ್ಚುತ್ತಾಳೆ. ಕೂತಲ್ಲಿ ಕೂರುವುದಿಲ್ಲ. ಮಧ್ಯಾಹ್ನ ನೋಡಿದರೆ ಮನೆಯಲ್ಲಿಲ್ಲ; ನಾನು ಕೆಲಸ ಮಾಡುವ ವಿಮಾನದ ಬಯಲಿನ ಬೇಲಿ ಹಿಡಿದು ನಿಂತಿರುತ್ತಾಳೆ.

ನೀನು ಆ ಬಯಲನ್ನು ನೋಡಿಯೇ ಇಲ್ಲ. ನೀನು ಭದ್ರಾವತಿಗೆ ಹೋದ ಮರುವರ್ಷವೇ ಎರಡನೇ ಮಹಾಯುದ್ಧಕ್ಕೆಂದು ನಮ್ಮ ರಾಗಿ ಹೊಲವನ್ನೂ ಅಕ್ಕಪಕ್ಕದವರದನ್ನೂ ತೆಗೆದುಕೊಂಡು, ಬದು ಒಡೆದು, ಬಾವಿ ಮುಚ್ಚಿ, ಸಮ ಮಾಡಿದರು. ಎಲ್ಲೆಲ್ಲಿಯ ಹುಡುಗರೋ ಬಂದು ಹಳದಿ ವಿಮಾನಗಳಲ್ಲಿ ಹಾರುವುದು ಕಲಿತು ಯುದ್ಧಕ್ಕೆ ಹೋದರು. ಅದು ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ದನ ಮೇಯುತ್ತಿದ್ದವು. ಈಗ ಗ್ಲೈಡರ್ ಸಂಘದವರಿದ್ದಾರೆ. ಗ್ಲೈಡರಿಗೆ ಎಂಜಿನ್ನೇ ಇಲ್ಲ ಅಕ್ಕ. ಬಯಲಿನ ಈ ತುದಿಯಲ್ಲಿ ನಾನು ಯಂತ್ರ ನಡೆಸಿ ತಂತಿ ಹಗ್ಗ ಎಳೆದರೆ, ಆ ತುದಿಯಲ್ಲಿ ಅದು ಗಾಳಿಪಟದ ಹಾಗೆ ಮೇಲೇಳುತ್ತದೆ. ಆಮೇಲೆ ಹಗ್ಗ ಕಳಚಿಕೊಂಡು ತೇಲುತ್ತದೆ.

ಹೊಲ ಹೋದ ಸಂಕಟ ಅವ್ವನನ್ನು ಇನ್ನೂ ಬಿಟ್ಟಿಲ್ಲ ಅಂದುಕೊಂಡಿದ್ದೆ. ಮೊನ್ನೆ ಭಾನುವಾರ ಅವಳು ಬೇಲಿ ದಾಟಿ ಒಳಗೇ ಬಂದುಬಿಟ್ಟಳು. ಹಾರಾಟ ಕಲಿಸುವ ಅಗ್ರಹಾರದ ಸುಂದರೇಶ್ ಅವರ ಮುಂದೆ ನಿಂತು, "ಸ್ವಾಮಿ, ನನ್ನೂ ಒಂದ್ಸಲ ಮ್ಯಾಕೆ ಕರ್ಕೊಂಡೋಗಿ" ಅಂದಳು.

ನನಗೆ ನಾಚಿಕೆಯಾಯಿತು. "ಸುಮ್ನಿರವ್ವ, ಎದೆ ಒಡ್ದೋಯ್ತದೆ" ಅಂದೆ.

"ಎದೆ ನಂದು ಕಣೋ. ನೀ ಹಗ್ಗ ಎಳಿ."

ಸುಂದರೇಶ್ ನಕ್ಕು, "ಬನ್ನಿ ಅಮ್ಮ" ಎಂದು ಮುಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದರು.

ಯಂತ್ರದ ಹಿಡಿಕೆ ಹಿಡಿಯುವ ಮುಂಚೆ ಹಗ್ಗ ಸುತ್ತಿದ ಉರುಳೆಯನ್ನು ಎರಡೆರಡು ಸಲ ನೋಡಿದೆ. ದಿನಾ ಎಳೆಯುವ ಹಗ್ಗವೇ; ಅವತ್ತು ಅದರ ತುದಿಯಲ್ಲಿ ಅವ್ವ. ತುಂಡಾಗಿಬಿಟ್ಟರೆ? ಮೇಲೆದ್ದರು, ಕಳಚಿಕೊಂಡರು, ಒಂದೇ ಕಡೆ ಸುತ್ತಿದರು, ಮತ್ತೆ ಅಲ್ಲೇ ಸುತ್ತಿದರು. ನನಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕಡೆಗೆ ಇಳಿದಾಗ ಸುಂದರೇಶ್, "ನಿಮ್ಮ ತಾಯಿ ಹೆದರಲೇ ಇಲ್ಲ ಕಣ್ರೀ. ಅಲ್ಲೇ ಇನ್ನೊಂದು ಸುತ್ತು ಹಾಕಪ್ಪ ಅಂತ ಒಂದೇ ಸಮ ಕೇಳ್ತಿದ್ರು" ಅಂದರು. ಅವ್ವ ನೇರವಾಗಿ ಬರಿಗಾಲಲ್ಲಿ ಬಯಲಿನ ಮೂಡಣ ಅಂಚಿಗೆ ನಡೆದು, ಹುಲ್ಲಿನ ಮೇಲೆ ಕೂತುಬಿಟ್ಟಳು.

ಆವತ್ತಿನಿಂದ ಎರಡು ಹೊತ್ತು ಉಣ್ಣುತ್ತಿದ್ದಾಳೆ. ಈಗ ನಿದ್ದೆ ಇಲ್ಲದಿರುವುದು ನನಗೆ. ನಿನಗೂ ಭಾವನವರಿಗೂ ಆಶೀರ್ವಾದ ಹೇಳಿದ್ದಾಳೆ. "ತಣ್ಣಗಿರ್ಲಿ ಅಂತ ಬರಿ" ಅಂದಳು.

ನಿನ್ನ ತಮ್ಮ,
ಚೆಲುವರಾಜು

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಚೊಚ್ಚಲ ಕೂಸು ತೀರಿಕೊಂಡಾಗ ನೀನು ಬಾಣಂತಿ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದೆ. ಎಲ್ಲಿ ಮಣ್ಣು ಮಾಡಿದಿರಿ ಎಂದು ಆಮೇಲೆ ನೀನು ಎಷ್ಟು ಕೇಳಿದರೂ ಅಪ್ಪ ಅವ್ವ ಬಾಯಿ ಬಿಡಲಿಲ್ಲ. ನಾನು ಚಿಕ್ಕವನು, ನನಗೂ ಗೊತ್ತಿರಲಿಲ್ಲ. ಆ ಭಾನುವಾರ ರಾತ್ರಿ ಅವ್ವ ಹೇಳಿದಳು. ನಮ್ಮ ಹೊಲದಲ್ಲೇ ಅಕ್ಕ, ಬಾವಿಯ ಪಕ್ಕ. ನೆಲ ಸಮ ಮಾಡಿದ ಮೇಲೆ ಅವ್ವನಿಗೂ ಜಾಗದ ಗುರುತು ತಪ್ಪಿಹೋಯಿತು. ಇಷ್ಟು ವರ್ಷ ಬೇಲಿಯಾಚೆಯಿಂದ ಹುಡುಕುತ್ತಿದ್ದುದು ಅದನ್ನೇ. ಮೇಲಿಂದ ನೋಡಿದರೆ, ಒಣಗಿದ ಬಯಲಿನಲ್ಲಿ ಮುಚ್ಚಿದ ಬಾವಿಯ ಮೇಲಿನ ಹುಲ್ಲು ಮಾತ್ರ ದುಂಡಗೆ ಹಸಿರಾಗಿ ಕಂಡಿತಂತೆ. "ಅವನೊಬ್ಬನ್ನೇ ಬುಟ್ಟು ಭದ್ರಾವತಿಗೆ ಎಂಗೋಗ್ಲಪ್ಪ?" ಅಂದಳು.

ಅಲ್ಲೊಂದು ಕಲ್ಲು ನೆಡುತ್ತೇನೆ ಎಂದೆ. ಬೇಡವೆಂದಳು. "ಇಮಾನ ಇಳಿಯೋ ಜಾಗ ಕಣೋ. ಯಾರ ಮಕ್ಳಿಗಾದ್ರೂ ತಾಗಿದ್ರೆ?"

ಅದಕ್ಕೇ ಹೇಳುತ್ತಿದ್ದೇನೆ, ನೀನೇ ಬಂದುಬಿಡು ಅಕ್ಕ. ಬಿಸಿಲು ಏರುತ್ತಿದೆ. ಆ ಹಸಿರು ಇನ್ನೆಷ್ಟು ದಿನವೋ.